ಅಂಪೈರ್ ಇಲ್ಲದ ಯುದ್ಧ: ಭಾವನ ಜೊತೆ ಪೆನ್ಸಿಕ್‌ಗೆ

ಶನಿವಾರ

ಪೆನ್ಸಿಲ್ವೇನಿಯಾದ ಪಶ್ಚಿಮ ಭಾಗದಲ್ಲಿ ಸ್ಲಿಪ್ಪರಿ ರಾಕ್ ಅಂತ ಒಂದು ಚಿಕ್ಕ ಊರಿದೆ. ಅದರ ಹತ್ತಿರ ಕೂಪರ್ಸ್ ಲೇಕ್ ಅನ್ನೋ ಕ್ಯಾಂಪಿಂಗ್ ಜಾಗ. ಪ್ರತಿವರ್ಷ ಜುಲೈ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಅಲ್ಲಿ ಯುದ್ಧ ನಡೆಯುತ್ತದೆ. ನಿಜವಾದ ಯುದ್ಧ ಅಲ್ಲ, ಆದರೆ ಹೊಡೆತ ಮಾತ್ರ ನಿಜ. ಹತ್ತು ಸಾವಿರದಷ್ಟು ಜನ ಮಧ್ಯಯುಗದ ಬಟ್ಟೆ ಹಾಕಿಕೊಂಡು, ಟೆಂಟ್ ಹೊಡೆದು, ಅಡುಗೆ ಮಾಡಿಕೊಂಡು ಇರುತ್ತಾರೆ. ಅದರಲ್ಲಿ ಒಂದಷ್ಟು ಜನ ಬೆಳಿಗ್ಗೆ ಎದ್ದು ಕವಚ ತೊಟ್ಟು ಬಡಿದಾಡುತ್ತಾರೆ. ಇದಕ್ಕೆ ಪೆನ್ಸಿಕ್ ಅಂತ ಹೆಸರು. ನನ್ನ ಆಫೀಸಿನ ಗೆಳೆಯನೊಬ್ಬ ಪ್ರತಿವರ್ಷ ರಜೆ ಹಾಕಿ ಹೋಗುತ್ತಾನೆ. ಈ ಸಲ ನೀನೂ ಬಾ ಅಂತ ಕರೆದ.

ಅಕ್ಕ, ಭಾವ ಹಾಸನದಿಂದ ಬಂದು ನಮ್ಮನೆಯಲ್ಲೇ ಇದ್ದರು. "ಟೆಂಟಲ್ಲಿ ಮಲಗೋಕೆ ಅಮೆರಿಕದವರೆಗೆ ಬರಬೇಕಿತ್ತಾ?" ಅಂತ ಅಕ್ಕ ಖಡಾಖಂಡಿತವಾಗಿ ಬರಲ್ಲ ಅಂದಳು. ಭಾವ ಮಾತ್ರ ಚೀಲ ಕಟ್ಟಿಕೊಂಡು ರೆಡಿ. ಅವರು ರಿಟೈರ್ ಆದ ಪಿಟಿ ಮಾಸ್ಟರು. ಜಿಲ್ಲಾ ಮಟ್ಟದ ಕಬಡ್ಡಿ ಪಂದ್ಯಗಳಿಗೆ ವರ್ಷಗಟ್ಟಲೆ ಅಂಪೈರಿಂಗ್ ಮಾಡಿದವರು. ಕುಸ್ತಿ, ಕಬಡ್ಡಿ, ಖೋಖೋ, ಎಲ್ಲಿ ಯಾರು ಯಾರನ್ನು ಬೀಳಿಸಿದರೂ ನಿಂತು ನೋಡುವ ಜಾತಿ.

ನ್ಯೂಜೆರ್ಸಿಯ ಎಡಿಸನ್‌ನಿಂದ ಹೊರಟಾಗ ಬೆಳಿಗ್ಗೆ ಮಂಜು. ಕಾರ್ಲೈಲ್ ಹತ್ತಿರ ಇಂಟರ್‌ಸ್ಟೇಟ್ 81 ಬಿಟ್ಟು ಟರ್ನ್‌ಪೈಕ್ ಅನ್ನೋ ಟೋಲ್ ಹೆದ್ದಾರಿ ಹತ್ತಬೇಕು. ಎರಡಕ್ಕೂ ನೇರ ಕೊಂಡಿ ಇಲ್ಲ. ಟ್ರಕ್ ನಿಲ್ದಾಣಗಳ ನಡುವಿನ ರಸ್ತೆಯಲ್ಲಿ ಸಿಗ್ನಲ್ ಸಿಗ್ನಲ್‌ಗೂ ನಿಂತು ಹೋಗಬೇಕು. ಆಮೇಲೆ ಬೆಟ್ಟ ಕೊರೆದ ಸುರಂಗಗಳು ಒಂದಾದ ಮೇಲೆ ಒಂದು: ಬ್ಲೂ ಮೌಂಟನ್, ಕಿಟ್ಟಾಟಿನ್ನಿ, ಟಸ್ಕರೋರಾ, ಅಲೆಗೆನಿ. ಪ್ರತಿ ಸುರಂಗದಿಂದ ಹೊರಬಂದಾಗಲೂ ಆಚೆ ಕಡೆ ಬೇರೆ ಹವಾಮಾನ. ಒಂದು ಕಡೆ ಬಿಸಿಲು, ಮುಂದಿನ ಕಡೆ ವೈಪರ್ ಹಾಕುವಷ್ಟು ಮಳೆ.

ಪಿಟ್ಸ್‌ಬರ್ಗ್‌ನಲ್ಲಿ ರಾತ್ರಿ ಉಳಿದಿದ್ದಕ್ಕೆ ಕಾರಣ ಒಂದೇ. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನ. 1970ರ ದಶಕದಲ್ಲಿ ಕಟ್ಟಿದ್ದು, ಅಮೆರಿಕದ ಹಳೆಯ ದೇವಸ್ಥಾನಗಳಲ್ಲಿ ಒಂದು. ಗುಡ್ಡದ ಮೇಲೆ ಬಿಳಿ ಗೋಪುರ, ಸುತ್ತ ದಟ್ಟ ಮರ. ದರ್ಶನ ಮುಗಿಸಿ ಕೆಳಗಿನ ಕ್ಯಾಂಟೀನಿನಲ್ಲಿ ಪುಳಿಯೋಗರೆ, ಮೊಸರನ್ನ ತಿಂದು, ಇನ್ನೂ ನಾಲ್ಕು ಡಬ್ಬ ಪುಳಿಯೋಗರೆ ಕಟ್ಟಿಸಿಕೊಂಡೆವು. ಪೆನ್ಸಿಕ್‌ಗೆ ಹೋಗುವ ಸಸ್ಯಾಹಾರಿಗಳಿಗೆ ಇದಕ್ಕಿಂತ ಒಳ್ಳೆ ಏರ್ಪಾಡು ನನಗೆ ಗೊತ್ತಿಲ್ಲ. ಅಲ್ಲಿ ಊಟದ ಅಂಗಡಿ ಇವೆ, ಆದರೆ ಮಧ್ಯಾಹ್ನ ಕ್ಯೂ ಉದ್ದ, ನಮಗೆ ಸಿಗುವುದು ಕಮ್ಮಿ.

ಭಾನುವಾರ

ಪಿಟ್ಸ್‌ಬರ್ಗ್‌ನಿಂದ ಉತ್ತರಕ್ಕೆ ಒಂದು ಗಂಟೆ ದಾರಿ. ರಸ್ತೆ ಬದಿ ಜೋಳದ ಹೊಲ, ಕೆಂಪು ಕೊಟ್ಟಿಗೆಗಳು. ಮೊರೇನ್ ಸ್ಟೇಟ್ ಪಾರ್ಕಿನ ಕೆರೆ ಒಂದು ಕ್ಷಣ ಕಂಡು ಮಾಯವಾಯಿತು. ಆಮೇಲೆ ಒಂದು ತಿರುವಿನಲ್ಲಿ ಇದ್ದಕ್ಕಿದ್ದಂತೆ ಗುಡ್ಡದ ತುಂಬ ಟೆಂಟು, ಬಾವುಟ. ಭಾವ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

ಒಳಗೆ ಹೋಗಬೇಕಾದರೆ ಒಂದು ನಿಯಮ. 1600ಕ್ಕೂ ಹಿಂದಿನ ಕಾಲದ ಉಡುಪಿನಂತೆ ಕಾಣುವ ಏನಾದರೂ ಹಾಕಿರಬೇಕು, ಕನಿಷ್ಠ ಪ್ರಯತ್ನವಾದರೂ ಕಾಣಬೇಕು. ಬಟ್ಟೆ ಇಲ್ಲದವರಿಗೆ ಎರವಲು ಕೊಡುವ ಜಾಗವೂ ಇದೆ. ನಾನು ಅಲ್ಲಿ ಒಂದು ಗೋಣಿಚೀಲದಂಥ ಅಂಗಿ ತೊಟ್ಟುಕೊಂಡೆ. ಭಾವ ಏನೂ ಎರವಲು ಪಡೆಯಲಿಲ್ಲ. ಕಾರಿನಲ್ಲೇ ಪ್ಯಾಂಟ್ ಬದಲಿಸಿ, ಕೆಂಪಂಚಿನ ಪಂಚೆ ಉಟ್ಟು, ಜುಬ್ಬದ ಮೇಲೆ ಶಲ್ಯ ಹೊದ್ದು ಇಳಿದರು. ಗೇಟಿನಲ್ಲಿದ್ದ ಅಜ್ಜಿ ಎದ್ದು ನಿಂತು ನಮಸ್ಕಾರ ಮಾಡಿದರು. ಮುಂದೆ ಅಲ್ಲಿದ್ದಷ್ಟು ದಿನವೂ ಹೀಗೇ. ನನ್ನನ್ನು ಯಾರೂ ತಿರುಗಿ ನೋಡಲಿಲ್ಲ, ಭಾವನ ಪಂಚೆಯ ನೆರಿಗೆ ಹಿಡಿಯೋದು ಹೇಗೆ ಅಂತ ಕೇಳಿಕೊಂಡು ಜನ ಬರುತ್ತಿದ್ದರು. ಅವರು ರಸ್ತೆ ಮಧ್ಯದಲ್ಲೇ ಪಾಠ ಶುರು ಮಾಡುತ್ತಿದ್ದರು.

ಗೆಳೆಯನ ಬಿಡಾರ ಸೆರೆಂಗೆಟಿ ಅನ್ನುವ ಬಯಲಿನಲ್ಲಿತ್ತು. ಹೆಸರಿಗೆ ತಕ್ಕಂತೆ ಒಂದು ಮರದ ನೆರಳೂ ಇಲ್ಲ. ಹೋಗುವವರು ಟೆಂಟಿನ ಜೊತೆ ಒಂದು ನೆರಳಿನ ಚಪ್ಪರವನ್ನೂ, ಉದ್ದನೆ ಗೂಟಗಳನ್ನೂ ಒಯ್ಯಲೇಬೇಕು. ಕುಡಿಯೋಕೆ ಸ್ವಂತ ಲೋಟವೂ ಇರಲಿ. ಯಾವ ಬಿಡಾರಕ್ಕೆ ಹೋದರೂ ಏನಾದರೂ ಕುಡಿಯೋಕೆ ಕೊಡುತ್ತಾರೆ, ಲೋಟ ಮಾತ್ರ ಕೊಡುವುದಿಲ್ಲ. ನಮಗೆ ಸಿಕ್ಕಿದ್ದು ಸೆಕಂಜಬೀನ್. ಸಕ್ಕರೆ ಪಾಕಕ್ಕೆ ವಿನೆಗರ್ ಮತ್ತು ಪುದೀನ ಹಾಕಿ ಕುದಿಸಿ ಇಟ್ಟುಕೊಂಡು, ಬೇಕಾದಾಗ ತಣ್ಣೀರು ಬೆರೆಸಿ ಕುಡಿಯುವ ಪರ್ಷಿಯಾದ ಪಾನೀಯ. ವಿನೆಗರ್ ಅಂತ ಕೇಳಿ ಮುಖ ಸಿಂಡರಿಸಿದ್ದ ಭಾವ ಮೂರು ಲೋಟ ಇಳಿಸಿದರು.

ಸಂಜೆ ಗೆಳೆಯ ತನ್ನ ಕವಚವನ್ನೆಲ್ಲ ಹುಲ್ಲಿನ ಮೇಲೆ ಹರಡಿದ. ಈ ಆಟ ನಡೆಸುವ ಸಂಸ್ಥೆ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಂ, ಎಲ್ಲರೂ ಎಸ್‌ಸಿಎ ಅನ್ನುತ್ತಾರೆ. 1966ರ ಮೇ 1ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಒಂದು ಮನೆಯ ಹಿತ್ತಲಿನಲ್ಲಿ ನಡೆದ ಪಾರ್ಟಿಯಿಂದ ಶುರುವಾದದ್ದು. ಈಗ ಇಪ್ಪತ್ತು "ರಾಜ್ಯ"ಗಳಿವೆ. ಪ್ರತಿ ರಾಜ್ಯಕ್ಕೂ ರಾಜ ರಾಣಿ, ಅವರ ಕೆಳಗೆ ನೈಟ್ ಅನ್ನೋ ಪದವಿ ಪಡೆದ ಯೋಧರು. ನೈಟ್ ಆದವರು ಸೊಂಟಕ್ಕೆ ಬಿಳಿ ಪಟ್ಟಿ ಕಟ್ಟುತ್ತಾರೆ, ಅವರ ಶಿಷ್ಯರಾದ ಸ್ಕ್ವೈರ್‌ಗಳು ಕೆಂಪು ಪಟ್ಟಿ. ನಮ್ಮ ಗೆಳೆಯನದು ಕೆಂಪು.

ಭಾವ ಮೊದಲು ಎತ್ತಿಕೊಂಡಿದ್ದು ಕತ್ತಿ. ಕೈಯಲ್ಲಿ ತೂಗಿ ನೋಡಿ, ಬಾಗಿಸಿ ನೋಡಿ, "ಇದು ಬೆತ್ತ ಕಣಯ್ಯಾ!" ಅಂದರು. ಬೆತ್ತವೇ. ಒಂದೂಕಾಲು ಇಂಚಿಗಿಂತ ಸಣ್ಣ ಇರಬಾರದು. ಮೇಲೆ ಬೆಳ್ಳಿ ಬಣ್ಣದ ಟೇಪ್ ಸುತ್ತಿರುತ್ತಾರೆ. ಬೇರೆ ಮರ ಮುರಿದರೆ ಚೂಪಾಗಿ ಸೀಳುತ್ತದೆ, ಆ ಸೀಳು ಹೆಲ್ಮೆಟ್ಟಿನ ಸಂದಿಯಲ್ಲಿ ಕಣ್ಣಿಗೆ ಹೋಗಬಹುದು. ಬೆತ್ತ ಹಾಗಲ್ಲ, ಏಟು ಬಿದ್ದು ಬಿದ್ದು ತುದಿ ಪೊರಕೆಯ ಹಾಗೆ ನಾರು ನಾರಾಗುತ್ತದೆ ಅಷ್ಟೇ. ಅದನ್ನು ಗೆಳೆಯ ವಿವರಿಸುವ ಮೊದಲೇ ಭಾವ ತಲೆ ಆಡಿಸುತ್ತಿದ್ದರು. ಸರ್ವೀಸಿನಲ್ಲಿ ಎಷ್ಟು ಬೆತ್ತ ಸವೆಸಿದ್ದಾರೋ.

ಕವಚದಲ್ಲಿ ಕಡ್ಡಾಯವಾದದ್ದು ಕೆಲವು ಮಾತ್ರ: ತಲೆ, ಕುತ್ತಿಗೆ, ಮೂತ್ರಪಿಂಡದ ಜಾಗ, ತೊಡೆಸಂದಿ, ಮೊಣಕೈ, ಮೊಣಕಾಲು, ಕೈ. ಹೆಲ್ಮೆಟ್ಟಿಗೆ 16 ಗೇಜಿನ ಉಕ್ಕು, ಅಂದರೆ ಸುಮಾರು ಒಂದೂವರೆ ಮಿಲಿಮೀಟರ್ ದಪ್ಪದ್ದು ಬೇಕು. ಒಳಗೆ ಮೆತ್ತೆ, ಗದ್ದಕ್ಕೆ ಪಟ್ಟಿ. ಮುಖದ ಮೇಲಿನ ಸರಳುಗಳ ನಡುವೆ ಒಂದಿಂಚು ದಪ್ಪದ ಕೋಲು ತೂರಬಾರದು. ತಪಾಸಣೆಗೆ ಬರುವ ಮಾರ್ಷಲ್ ನಿಜಕ್ಕೂ ಒಂದು ಕೋಲು ಹಿಡಿದು ಚುಚ್ಚಿ ನೋಡುತ್ತಾನೆ. ಉಳಿದದ್ದು ಅವರವರ ಇಷ್ಟ, ಅವರವರ ಜೇಬು. ಕೆಲವರು ಸಾವಿರಾರು ಡಾಲರ್ ಕೊಟ್ಟು ಹದಿನಾಲ್ಕನೇ ಶತಮಾನದ ಉಕ್ಕಿನ ಕವಚ ಮಾಡಿಸುತ್ತಾರೆ. ಹೊಸಬರು ನೀರಿನ ನೀಲಿ ಪ್ಲಾಸ್ಟಿಕ್ ಡ್ರಮ್ ಕತ್ತರಿಸಿ, ಬಿಸಿ ಮಾಡಿ ಬಾಗಿಸಿ, ಮೇಲೆ ಬಟ್ಟೆ ಹೊಲಿದು ಮುಚ್ಚಿಬಿಡುತ್ತಾರೆ. ಗೆಳೆಯನ ಸುಂದರವಾದ ಹಸಿರು ಮಕಮಲ್ಲಿನ ಅಂಗಿ ಎತ್ತಿ ನೋಡಿದರೆ ಒಳಗೆ ಡ್ರಮ್ಮೇ ಇತ್ತು. ನನಗೆ ಉಕ್ಕಿಗಿಂತ ಇದೇ ಇಷ್ಟವಾಯಿತು.

"ಸರಿ, ಪಾಯಿಂಟ್ ಯಾರು ಕೊಡ್ತಾರೆ?" ಅಂದರು ಭಾವ.

ಯಾರೂ ಕೊಡುವುದಿಲ್ಲ. ಏಟು ತಿಂದವನೇ ಹೇಳಬೇಕು. ಎಲ್ಲರೂ ಸರಪಳಿ ಅಂಗಿ ತೊಟ್ಟು, ಮುಖ ತೆರೆದ ಕಬ್ಬಿಣದ ಟೋಪಿ ಹಾಕಿದ್ದಾರೆ ಅಂತ ಊಹಿಸಿಕೊಳ್ಳಬೇಕು, ನಿಜಕ್ಕೂ ಏನೇ ತೊಟ್ಟಿರಲಿ. ಅದರ ಮೇಲೆ ಹರಿತವಾದ ಕತ್ತಿಯ ಏಟು ಇಷ್ಟು ಜೋರಾಗಿ ಬಿದ್ದಿದ್ದರೆ ಸಾಯುತ್ತಿದ್ದೆನಾ? ಹೌದಾದರೆ "ಗುಡ್" ಅಂತ ಹೇಳಿ ಬೀಳಬೇಕು. ಮುಖಕ್ಕೆ ತಿವಿದರೆ ಮೆಲ್ಲಗೆ ತಾಗಿದರೂ ಸಾವು, ಯಾಕೆಂದರೆ ಊಹೆಯ ಪ್ರಕಾರ ಮುಖದ ಮೇಲೆ ಏನೂ ಇಲ್ಲ. ತೋಳಿಗೆ ಬಿದ್ದರೆ ಆ ಕೈ ಹೋಯಿತು, ಬೆನ್ನ ಹಿಂದೆ ಇಟ್ಟುಕೊಂಡು ಆಡಬೇಕು. ತೊಡೆಗೆ ಬಿದ್ದರೆ ಮಂಡಿಯೂರಿ ಆಡಬೇಕು. ಮೊಣಕಾಲಿಗೆ, ಅದರ ಕೆಳಗೆ, ಮಣಿಕಟ್ಟಿನಿಂದ ಆಚೆಗೆ ಹೊಡೆಯುವಂತಿಲ್ಲ. ಹಿಡಿದು ಎಳೆದಾಡುವಂತೆಯೂ ಇಲ್ಲ.

"ಮಾರ್ಷಲ್ ಏನು ಮಾಡ್ತಾನೆ ಹಾಗಾದ್ರೆ?"

"ಯಾರಿಗೂ ಗಾಯ ಆಗದ ಹಾಗೆ ನೋಡ್ಕೋತಾನೆ. ನೀನು ಸತ್ತೆ ಅಂತ ಹೇಳೋದು ಅವನ ಕೆಲಸ ಅಲ್ಲ."

ಭಾವ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಇದು ನಡೆಯಲ್ಲ ಕಣಯ್ಯಾ. ಕಬಡ್ಡೀಲಿ ಕಾಲು ಹಿಡ್ಕೊಂಡು ಮಲಗಿಸಿರ್ತಾರೆ, ಆದ್ರೂ ತಾಗಿಲ್ಲ ಸಾರ್ ಅಂತ ನನ್ನ ಮುಖಕ್ಕೇ ಹೇಳೋರು. ತಾನಾಗೇ ಔಟ್ ಅಂತ ಎದ್ದು ಹೋದವನನ್ನ ನಾನು ನೋಡೇ ಇಲ್ಲ" ಅಂದರು.

ಸೋಮವಾರ

ಬೆಳಿಗ್ಗೆ ಆರಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಭಾವ ಗ್ಯಾಸ್ ಒಲೆಯ ಮೇಲೆ ಫಿಲ್ಟರ್ ಕಾಫಿ ಮಾಡಿದರು. ವಾಸನೆಗೆ ಪಕ್ಕದ ಬಿಡಾರದ ವೈಕಿಂಗ್ ದಂಪತಿ ಲೋಟ ಹಿಡಿದು ಬಂದರು.

ಇವತ್ತು ಬಯಲಿನ ಯುದ್ಧ. ನೋಡೋರು ಹಗ್ಗದ ಆಚೆ ನಿಲ್ಲಬೇಕು. ಟೋಪಿ, ನೀರು, ಮಡಚುವ ಕುರ್ಚಿ ಇಲ್ಲದೆ ಹೋಗಬೇಡಿ, ಹತ್ತು ಗಂಟೆಗೆಲ್ಲ ತಲೆ ಸುಡುತ್ತದೆ. ಎರಡು ಕಡೆಯೂ ನೂರಾರು ಜನ ಗುರಾಣಿಗೆ ಗುರಾಣಿ ತಾಗಿಸಿ ನಿಂತರು. ಹಿಂದಿನ ಸಾಲಿನಲ್ಲಿ ಒಂಬತ್ತು ಅಡಿಯ ಈಟಿಗಳು. ಒಂದು ಕಡೆ ಈಸ್ಟ್ ರಾಜ್ಯ, ಇನ್ನೊಂದು ಕಡೆ ಮಿಡ್ಲ್, ಜೊತೆಗೆ ಅವರವರ ಮಿತ್ರರು. 1972ರಿಂದ ನಡೆದುಬಂದ ಜಗಳ ಇದು. ಇದರ ಕಥೆಯೂ ತಮಾಷೆಯಾಗಿದೆ. ಮಿಡ್ಲ್ ರಾಜ್ಯದ ಆಗಿನ ರಾಜ ಡೇವಿಡ್ ಫ್ರೀಡ್‌ಮನ್, ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಅವರ ಮಗ, ಈಸ್ಟ್ ಮೇಲೆ ಯುದ್ಧ ಸಾರಿ ಪತ್ರ ಕಳಿಸಿದನಂತೆ. ಈಸ್ಟ್‌ನವರು ಉತ್ತರವನ್ನೇ ಕೊಡಲಿಲ್ಲ. ಮುಂದೆ ಆತ ಊರು ಬದಲಿಸಿ ಈಸ್ಟ್ ಕಡೆಗೇ ಬಂದು ಅಲ್ಲಿಯೂ ರಾಜನಾದ. ಹಳೆಯ ಪತ್ರ ಇನ್ನೂ ಅಲ್ಲೇ ಇತ್ತು. ಅದನ್ನು ಒಪ್ಪಿಕೊಂಡು ಯುದ್ಧಕ್ಕೆ ಹೋಗಿ ಸೋತ. ತನ್ನ ಮೇಲೆ ತಾನೇ ಯುದ್ಧ ಸಾರಿ ಸೋತ ಒಬ್ಬನೇ ರಾಜ ಅಂತ ಈಗಲೂ ಹೇಳಿಕೊಂಡು ನಗುತ್ತಾರೆ. ಸೋತವರು ಪಿಟ್ಸ್‌ಬರ್ಗ್ ನಗರವನ್ನು ತೆಗೆದುಕೊಳ್ಳಬೇಕು ಅನ್ನೋದು ಇನ್ನೊಂದು ಹಳೇ ಜೋಕು. "ಯಾಕಯ್ಯಾ, ಊರು ಚೆನ್ನಾಗೇ ಇದೆಯಲ್ಲ, ದೇವಸ್ಥಾನ ಬೇರೆ ಇದೆ" ಅಂದರು ಭಾವ.

"ಲೇ ಆನ್!" ಅಂತ ಕೂಗು ಬಿದ್ದದ್ದೇ ತಡ, ಎರಡು ಸಾಲು ಓಡಿ ಬಂದು ಡಿಕ್ಕಿ ಹೊಡೆದವು. ಆ ಸದ್ದು ಕಿವಿಗಿಂತ ಎದೆಗೆ ಜಾಸ್ತಿ ತಾಗುತ್ತದೆ. ಧೂಳು, ಕೂಗು, ಬೆತ್ತ ಉಕ್ಕಿಗೆ ಬಡಿಯುವ ಟಣ್ ಟಣ್. ಸ್ವಲ್ಪ ಹೊತ್ತಿಗೇ ಆ ಗುಂಪಿನಿಂದ ಒಬ್ಬೊಬ್ಬರೇ ಆಯುಧ ತಲೆಯ ಮೇಲೆ ಎತ್ತಿ ಹಿಡಿದು ಹೊರಗೆ ನಡೆದು ಬರತೊಡಗಿದರು. ಇವರೇ ಸತ್ತವರು. ಯಾರೂ ಅವರನ್ನು ಹೊರಗೆ ಕಳಿಸಿರಲಿಲ್ಲ. ಆ ನೂಕುನುಗ್ಗಲಲ್ಲಿ ಯಾರಿಗೆ ಯಾವ ಏಟು ಬಿತ್ತು ಅಂತ ಬೇರೆಯವರಿಗೆ ಕಾಣುವುದೂ ಇಲ್ಲ. ಭಾವ ಅಂಪೈರ್ ಕಣ್ಣಿಂದ ನೋಡುತ್ತಿದ್ದರು. "ಆ ಕೆಂಪು ಗುರಾಣಿಯವನಿಗೆ ಹೆಗಲ ಮೇಲೆ ಬಿತ್ತು... ಹ್ಞಾ, ಹೋದ. ಹೋದ ನೋಡು!"

ಹಿಂದಿನಿಂದ ಬಂದು ಹೊಡೆಯುವಂತಿಲ್ಲ. ಹಿಂದಿನಿಂದ ಬಂದವನು ಎದುರಾಳಿಯ ಹೆಗಲ ಮೇಲೆ ಆಯುಧವನ್ನು ಮೆಲ್ಲಗೆ ಇಟ್ಟು, ನೀವು ಸತ್ತಿರಿ ಸ್ವಾಮಿ ಅನ್ನುವ ಧಾಟಿಯಲ್ಲಿ ಗಟ್ಟಿಯಾಗಿ ಹೇಳಬೇಕು. ಅಷ್ಟಕ್ಕೇ ಅವನು ಆಟದಿಂದ ಹೊರಗೆ. ಯಾರಿಗಾದರೂ ಪೆಟ್ಟಾದರೆ, ಪಟ್ಟಿ ಬಿಚ್ಚಿಕೊಂಡರೆ, ಯಾರು ಬೇಕಾದರೂ "ಹೋಲ್ಡ್!" ಅಂತ ಕೂಗಬಹುದು. ಕೇಳಿದವರೆಲ್ಲ ಅದನ್ನೇ ಕೂಗುತ್ತಾ ಇದ್ದಲ್ಲೇ ಮಂಡಿಯೂರುತ್ತಾರೆ. ಅಷ್ಟು ದೊಡ್ಡ ಗಲಾಟೆ ಉಸಿರು ಬಿಡುವಷ್ಟರಲ್ಲಿ ನಿಂತುಹೋಗಿ ಮೈದಾನ ಪೂರ್ತಿ ಕೂತಿತ್ತು. ಒಬ್ಬನ ಹೆಲ್ಮೆಟ್ ಪಟ್ಟಿ ಹರಿದಿತ್ತು, ಅಷ್ಟೇ.

ಎರಡನೇ ಸುತ್ತಿನಲ್ಲಿ ಭಾವ ಕಾಯುತ್ತಿದ್ದದ್ದು ಸಿಕ್ಕಿತು. ಹಗ್ಗದ ಹತ್ತಿರವೇ ಒಬ್ಬ ದೊಡ್ಡ ಆಳಿನ ಪಕ್ಕೆಗೆ ಒಂದಲ್ಲ, ಎರಡು ಮೂರು ಏಟು ಬಿತ್ತು. ಆಸಾಮಿ ಅಲ್ಲಾಡಲಿಲ್ಲ. ಹೊಡೆದವನು ಹೆಜ್ಜೆ ಹಿಂದಿಟ್ಟು "ಲೈಟ್ ಆಯ್ತಾ?" ಅಂತ, ಅಂದರೆ ಏಟು ಮೆಲ್ಲಗೆ ಬಿತ್ತಾ ಅಂತ ಮಾತ್ರ ಕೇಳಿದ. "ಲೈಟ್" ಅಂದ ಇವನು. ಆಟ ಮುಂದುವರಿಯಿತು. "ನೋಡಿದ್ಯಾ? ನಾನು ಹೇಳಿಲ್ವಾ?" ಅಂತ ಭಾವ ನನ್ನ ಮಂಡಿಗೆ ಬಡಿದರು. ಇಂಥವರಿಗೆ ಇಲ್ಲಿ ಘೇಂಡಾಮೃಗ ಅಂತ ಹೆಸರು, ಚರ್ಮ ದಪ್ಪ ಅಂತ. ಸುತ್ತು ಮುಗಿದ ಮೇಲೆ ಮಾರ್ಷಲ್ ಒಬ್ಬಳು ಅವನನ್ನು ಪಕ್ಕಕ್ಕೆ ಕರೆದು ಏನೋ ಮಾತಾಡಿದಳು. ಸಿಟ್ಟಿರಲಿಲ್ಲ, ಕೈ ಬೀಸಾಟವೂ ಇರಲಿಲ್ಲ. ಏನು ಹೇಳಿದಳೋ ನಮಗೆ ಕೇಳಲಿಲ್ಲ.

ಹೊರಗೆ ಬಂದ ಗೆಳೆಯನ ಮುಖ ಟೊಮೇಟೊ ಬಣ್ಣಕ್ಕೆ ತಿರುಗಿತ್ತು. ಬೆವರಿನಲ್ಲಿ ಉಪ್ಪೆಲ್ಲ ಹೋಗುತ್ತದೆ ಅಂತ ಇವರು ಸೌತೆಕಾಯಿ ಉಪ್ಪಿನಕಾಯಿಯ ರಸವನ್ನು ಗಟಗಟ ಕುಡಿಯುತ್ತಾರೆ. ಇದನ್ನು ನೋಡಿದ ಭಾವ ಅಕ್ಕ ಕೊಟ್ಟಿದ್ದ ಮಾವಿನಮಿಡಿ ಉಪ್ಪಿನಕಾಯಿ ಡಬ್ಬ ತೆಗೆದರು. ಒಂದು ಮಿಡಿ ಕಚ್ಚಿದ ಗೆಳೆಯನ ಕಣ್ಣಲ್ಲಿ ನೀರು ಬಂತು, ಆದರೆ ಇನ್ನೊಂದು ಕೇಳಿದ. ಮಧ್ಯಾಹ್ನದ ಹೊತ್ತಿಗೆ ಡಬ್ಬ ಅವನ ಗುಂಪಿನ ಕೈಯಿಂದ ಕೈಗೆ ಹೋಗಿ ಖಾಲಿಯಾಗಿ ವಾಪಸ್ ಬಂತು. ಅಕ್ಕನಿಗೆ ಈ ವಿಷಯ ಇನ್ನೂ ಹೇಳಿಲ್ಲ.

ಸಂಜೆ ಅಂಗಡಿ ಬೀದಿ ಸುತ್ತಿದೆವು. ಚರ್ಮದ ಚೀಲ, ಕೊಂಬಿನ ಲೋಟ, ಮಣಿಸರ, ಸರಪಳಿ ಅಂಗಿಗೆ ಬೇಕಾದ ಉಂಗುರಗಳನ್ನು ಮೂಟೆಯಲ್ಲಿ ಮಾರುವವರು. ಒಬ್ಬ ಕವಚದ ಕಮ್ಮಾರ ಎರಡು ಗಂಟೆ ತಡವಾಗಿ ಊಟ ಮಾಡುತ್ತಾ ಕೂತಿದ್ದ. ಪಕ್ಕದಲ್ಲಿದ್ದ ಹುಡುಗ ಬೂಹರ್ಟ್ ಆಡುವವನು. ಅದು ಬೇರೆಯೇ ಆಟ. ನಿಜವಾದ ಉಕ್ಕಿನ ಆಯುಧ, ಅಲಗು ಮಾತ್ರ ಮೊಂಡು. ಸಾಮಾನ್ಯವಾಗಿ ಐದೈದು ಜನರ ತಂಡ. ಏಟಿಗೆ ಲೆಕ್ಕವೇ ಇಲ್ಲ, ಎರಡು ಪಾದದ ಜೊತೆ ಇನ್ನೊಂದು ಅಂಗ ನೆಲಕ್ಕೆ ತಾಗಿದರೆ ಔಟ್. ತಿವಿಯುವಂತಿಲ್ಲ, ಆದರೆ ತಬ್ಬಿ ಬೀಳಿಸಬಹುದು, ಒದೆಯಬಹುದು. 2014ರಲ್ಲಿ ಸ್ಪೇನಿನ ಬೆಲ್ಮೋಂಟೆ ಕೋಟೆಯಲ್ಲಿ ಅದರ ವಿಶ್ವ ಚಾಂಪಿಯನ್‌ಶಿಪ್ಪೇ ನಡೆದಿದೆ. "ಅಲ್ಲಿ ಅಂಪೈರ್ ಇದ್ದಾರಾ?" ಅಂತ ಕೇಳಿಸಿದರು ಭಾವ. ಇದ್ದಾರೆ, ಬೇಲಿಯ ಒಳಗೇ ನಿಂತಿರುತ್ತಾರೆ, ಹಳದಿ ಕಾರ್ಡು ತೋರಿಸುತ್ತಾರೆ ಅಂದ. ಭಾವನಿಗೆ ಸಮಾಧಾನವಾಯಿತು. ನನಗಂತೂ ಬೆತ್ತದ ಆಟವೇ ಹೆಚ್ಚು ಕಷ್ಟ ಅನ್ನಿಸಿತು. ನೆಲಕ್ಕೆ ಬಿದ್ದದ್ದು ಎಲ್ಲರಿಗೂ ಕಾಣುತ್ತೆ, ಇಲ್ಲಿ ಕಾಣದ್ದನ್ನು ಒಪ್ಪಿಕೊಳ್ಳಬೇಕು.

ರಾತ್ರಿ ಒಂಬತ್ತರ ಹೊತ್ತಿಗೆ ಆ ದೊಡ್ಡ ಆಳು ನಮ್ಮ ಪಕ್ಕದ ಬಿಡಾರಕ್ಕೆ ಬಂದ. ಬೆಳಿಗ್ಗೆ ಅವನ ಪಕ್ಕೆಗೆ ಹೊಡೆದವನು ಅಲ್ಲೇ ಇದ್ದ ಅಂತ ನಮಗೆ ಆಗಲೇ ಗೊತ್ತಾಗಿದ್ದು. ಅಂಗಿ ಎತ್ತಿ ಪಕ್ಕೆಯ ಮೇಲೆ ನೇರಳೆ ಬಣ್ಣದ ಬರೆ ತೋರಿಸಿ, ನಿನ್ನ ಎರಡನೇ ಏಟು ಸರಿಯಾಗಿತ್ತು, ಆಗ ಗೊತ್ತಾಗಲಿಲ್ಲ, ನಾನು ಸಾಯಬೇಕಿತ್ತು ಅಂದ. ಇಬ್ಬರೂ ಒಂದೊಂದು ಬಿಯರ್ ತೆಗೆದರು. ಭಾವ ನನ್ನನ್ನೇ ನೋಡಿದರು. ನಾನೇನೂ ಹೇಳಲಿಲ್ಲ.

ಮಳೆ ಬಂದದ್ದು ನಡುರಾತ್ರಿ. ಗಾಳಿಗೆ ಚಪ್ಪರದ ಒಂದು ಮೂಲೆ ಕಿತ್ತು ಪಟಪಟ ಹೊಡೆಯತೊಡಗಿತು. ನಾವಿಬ್ಬರೂ ಒಂದೊಂದು ಕಂಬ ಹಿಡಿದು ನಿಂತೆವು. ಟಾರ್ಚು ಹಿಡಿದು ವೈಕಿಂಗ್ ದಂಪತಿ ಓಡಿ ಬಂದು ಇನ್ನೆರಡು ಕಂಬ ಹಿಡಿದರು. ಆಕೆ ನೈಟಿಯ ಮೇಲೆ ಉಣ್ಣೆಯ ಮೇಲಂಗಿ, ಕಾಲಿಗೆ ಪ್ಲಾಸ್ಟಿಕ್ ಬೂಟು. ಅರ್ಧ ಗಂಟೆ ನಾಲ್ವರೂ ಹಾಗೇ ನೆನೆದೆವು. ಭಾವನ ಒಂದು ಚಪ್ಪಲಿ ಕೆಸರಿನೊಳಗೆ ಹೋದದ್ದು ಮತ್ತೆ ಸಿಗಲಿಲ್ಲ. ಆಗಸ್ಟಿನಲ್ಲಿ ಅಲ್ಲಿಗೆ ಹೋಗುವವರು ಚಪ್ಪಲಿ ನಂಬಬೇಡಿ.

ಮಂಗಳವಾರ

ಕಾಡಿನ ಯುದ್ಧ. ನೋಡೋಕೆ ಏನೂ ಇಲ್ಲ, ಮರಗಳೇ ಕಾಣುತ್ತವೆ. ಒಳಗೆ ಬಾವುಟಗಳಿರುತ್ತವೆ, ನಿಗದಿಯಾದ ಹೊತ್ತಿಗೆ ಯಾವ ಬಾವುಟ ಯಾರ ಕೈಯಲ್ಲಿದೆ ಅನ್ನೋದರ ಮೇಲೆ ಲೆಕ್ಕ. ಸತ್ತವರು ತಮ್ಮ ಕಡೆಯ ಒಂದು ಜಾಗಕ್ಕೆ ನಡೆದು ಬಂದು ಮತ್ತೆ ಜೀವ ಪಡೆದು ಹೋಗಬಹುದು. ನಾವು ಆ ಜಾಗದ ಹತ್ತಿರವೇ ಒದ್ದೆ ಹುಲ್ಲಿನ ಮೇಲೆ ಕೂತೆವು. ಗಂಟೆಗಟ್ಟಲೆ ಕೆಸರು ಮೆತ್ತಿಕೊಂಡ ಜನ ಗುಡ್ಡ ಹತ್ತಿ ಬರೋದು, ಏದುಸಿರು ಬಿಡೋದು, ನೀರು ಕುಡಿದು ಮತ್ತೆ ಇಳಿಯೋದು. ಯಾರೂ ನೋಡುತ್ತಿಲ್ಲದ ಮರದ ಮರೆಯಲ್ಲಿ ಸತ್ತು, ಅಷ್ಟು ದೂರ ಹತ್ತಿಕೊಂಡು ಬರೋದು. ಭಾವ ಎಣಿಸೋಕೆ ಶುರು ಮಾಡಿ ಸ್ವಲ್ಪ ಹೊತ್ತಿಗೆ ಬಿಟ್ಟರು.

ಅಲ್ಲೇ ಕೂತಿದ್ದ ಬಿಳಿ ಪಟ್ಟಿಯ ಹಿರಿಯನನ್ನು ಭಾವ ನನ್ನ ಮೂಲಕ ಕೇಳಿದರು: ರಾಜ ಆಗೋದು ಹೇಗೆ? ಟೂರ್ನಮೆಂಟಿನಲ್ಲಿ ಗೆಲ್ಲಬೇಕು. ಸಾಮಾನ್ಯವಾಗಿ ಎರಡು ಸಲ ಸೋತರೆ ಹೊರಗೆ ಅನ್ನೋ ಲೆಕ್ಕ. ಆಡುವವನು ತನಗಾಗಿ ಆಡಲ್ಲ, ತನ್ನ ಜೊತೆಗಾರ್ತಿ ಅಥವಾ ಜೊತೆಗಾರನ ಹೆಸರಲ್ಲಿ ಆಡುತ್ತಾನೆ. ಗೆದ್ದರೆ ಇಬ್ಬರೂ ಕೆಲವು ತಿಂಗಳು ಆಳುತ್ತಾರೆ. ಹೆಂಗಸರೂ ಆಡುತ್ತಾರೆ, ಗೆದ್ದು ಸಿಂಹಾಸನ ಏರಿದ್ದಾರೆ. ನೈಟ್ ಆಗೋಕೆ ಮಾತ್ರ ಗೆಲುವು ಸಾಲದು. ಇರುವ ನೈಟ್‌ಗಳು ಕೂತು ಮಾತಾಡುತ್ತಾರೆ, ಏಟು ಒಪ್ಪಿಕೊಳ್ಳದವನ ಹೆಸರು ಅಲ್ಲಿ ಮುಂದಕ್ಕೆ ಹೋಗುವುದಿಲ್ಲ. "ನಾನು ಹದಿನೇಳು ವರ್ಷ ಕಾದೆ" ಅಂದ ಆತ, ಹೆಮ್ಮೆಯಿಂದಲೋ ಬೇಜಾರಿನಿಂದಲೋ ಗೊತ್ತಾಗಲಿಲ್ಲ. ಹಾಗಂತ ಎಲ್ಲರೂ ಸಾಚಾ ಅಂತೇನೂ ಆತ ಹೇಳಲಿಲ್ಲ. ಕಿರೀಟದ ಆಟದಲ್ಲಿ ಕೆಲವರ ಚರ್ಮ ಆ ಒಂದು ದಿನ ಮಾತ್ರ ದಪ್ಪವಾಗುತ್ತದೆ ಅಂತ ನಕ್ಕ.

ಬುಧವಾರ

ವಾಪಸ್ಸಿಗೆ ಇಂಟರ್‌ಸ್ಟೇಟ್ 80 ಹಿಡಿದೆವು. ದಾರಿಯಲ್ಲಿ ಒಂದು ಹೊಲದ ಅಂಗಡಿಯಲ್ಲಿ ಜೋಳ ಕೊಂಡೆವು. ಕ್ಲಿಯರ್‌ಫೀಲ್ಡ್ ಜಿಲ್ಲೆಯಲ್ಲಿ ಒಂದು ಫಲಕ ಇದೆ: ಮಿಸಿಸಿಪ್ಪಿ ನದಿಯಿಂದ ಪೂರ್ವಕ್ಕೆ ಈ ರಸ್ತೆಯ ಅತಿ ಎತ್ತರದ ಜಾಗ, 2,250 ಅಡಿ. "ನಮ್ಮ ಸಕಲೇಶಪುರವೇ ಇದಕ್ಕಿಂತ ಎತ್ತರ ಇದೆ, ನಾವು ಬೋರ್ಡ್ ಹಾಕ್ಕೊಂಡಿದೀವಾ?" ಅಂದರು ಭಾವ.

ಆಮೇಲೆ ವಾದ ಶುರುವಾಯಿತು. ಇದು ನಡೆಯೋದು ದುಡ್ಡಿಲ್ಲ ಅನ್ನೋ ಕಾರಣಕ್ಕೆ ಅಂದೆ ನಾನು. ಗೆದ್ದವನಿಗೆ ಬಹುಮಾನದ ಹಣ ಇಲ್ಲ, ಕೆಲಸ ಸಿಗಲ್ಲ, ಸ್ಪೋರ್ಟ್ಸ್ ಕೋಟಾ ಇಲ್ಲ. ನಿಮ್ಮ ಹುಡುಗರಿಗೆ ಕಬಡ್ಡಿಯಿಂದ ರೈಲ್ವೆಯಲ್ಲೋ ಪೊಲೀಸಿನಲ್ಲೋ ಕೆಲಸ ಸಿಗಬಹುದಿತ್ತು, ಅವರು ಯಾಕೆ ಔಟ್ ಅಂತ ಒಪ್ಪಿಕೋತಾರೆ? ಭಾವ ಒಪ್ಪಲಿಲ್ಲ. ಗಣಪತಿ ಹಬ್ಬಕ್ಕೆ ಬರೀ ಒಂದು ಸ್ಟೀಲ್ ಲೋಟಕ್ಕೆ ಆಡಿದವರೂ ಜಗಳ ಆಡಿದ್ದಾರೆ, ದುಡ್ಡಿನ ಮಾತಲ್ಲ ಇದು ಅಂದರು. ಮತ್ತೇನು? ಅಂಪೈರ್ ಇದ್ದಾನಲ್ಲ ಅನ್ನೋ ಧೈರ್ಯಕ್ಕೇ ಸುಳ್ಳು ಹೇಳ್ತಾರೆ, ಹಿಡಿಯೋದು ಅವನ ಕೆಲಸ ತಾನೇ ಅಂತ, ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಂತ ನನ್ನ ಸರ್ವೀಸೆಲ್ಲಾ ವೇಸ್ಟು ಅಂತಲ್ಲ" ಅಂತಲೂ ಸೇರಿಸಿದರು.

ಡೆಲವೇರ್ ನದಿ ದಾಟುವಾಗ ಅಕ್ಕನ ಫೋನು. ಊಟಕ್ಕೆ ಏನು ಮಾಡಲಿ, ಉಪ್ಪಿನಕಾಯಿ ಉಳಿದಿದೆಯಾ ಅಂತ ಕೇಳಿದಳು. ಭಾವ ನನ್ನ ಕಡೆ ಫೋನು ಚಾಚಿ, "ನೀನೇ ಹೇಳಯ್ಯಾ" ಅಂದರು.